ಸ್ಪಾಟ್ ವೆಲ್ಡಿಂಗ್ ಮೆಷಿನ್‌ಗೆ ಕ್ವಾಲಿಟಿ ಲಿಮಿಟ್ ಹಾಕುವುದು ಹೇಗೆ?

ಎರಡು ಶೀಟನ್ನು ಮೇಲೆ ಕೆಳಗೆ ತಾಮ್ರದ ಟಿಪ್ಪಿನಿಂದ ಒತ್ತಿ, ಕರೆಂಟ್ ಹರಿಸಿ, ಒಂದೊಂದು ಚುಕ್ಕೆಯಲ್ಲಿ ಬೆಸೆಯುವುದೇ ಸ್ಪಾಟ್ ವೆಲ್ಡಿಂಗ್. ಆ ಮೆಷಿನ್ ಜೊತೆ ಈಗ ವೆಲ್ಡ್ ಮಾನಿಟರ್ ಬರುವುದು ಮಾಮೂಲಾಗಿದೆ. ಎಷ್ಟೋ ಕಂಟ್ರೋಲರ್‌ಗಳಲ್ಲಿ ಅದು ಒಳಗೇ ಇರುತ್ತದೆ. ಪ್ರತಿ ಸ್ಪಾಟ್‌ಗೂ ಎಷ್ಟು ಕರೆಂಟ್ ಹರಿಯಿತು, ಎಷ್ಟು ಹೊತ್ತು ಹರಿಯಿತು ಎಂದು ಪರದೆ ಮೇಲೆ ತೋರಿಸುತ್ತದೆ. ಪಕ್ಕದಲ್ಲಿ 'ಹೈ ಲಿಮಿಟ್', 'ಲೋ ಲಿಮಿಟ್' ಎಂದು ಎರಡು ಖಾನೆ. ತೊಂದರೆ ಶುರುವಾಗುವುದೇ ಅಲ್ಲಿ. ಮೆಷಿನ್ ಕೂರಿಸಿಕೊಟ್ಟವರು ಸುಮ್ನೆ ಆಚೀಚೆ 10 ಪರ್ಸೆಂಟ್ ತುಂಬಿಸಿ ಹೋಗಿರುತ್ತಾರೆ. ಆಮೇಲೆ ಅಲಾರಂ ಕಾಟ ಜಾಸ್ತಿ ಆಯಿತೆಂದು ಯಾರೋ ಅದನ್ನು 15ಕ್ಕೆ ಏರಿಸುತ್ತಾರೆ. ಅಲಾರಂ ನಿಲ್ಲುತ್ತದೆ. ವೆಲ್ಡ್ ಸರಿಯಾಯಿತೇ? ಅದನ್ನು ಯಾರೂ ನೋಡಿರುವುದಿಲ್ಲ.

ಲಿಮಿಟ್‌ನ ಅಂಕಿ ಹುಟ್ಟಬೇಕಾದ ಜಾಗ ವೈಸು, ಅಂದರೆ ಪೀಸು ಕಚ್ಚಿ ಹಿಡಿಯುವ ಬೆಂಚಿನ ಇಕ್ಕಳ. ಪೀಸನ್ನು ಕಚ್ಚಿಸಿ, ಕಿತ್ತು, ವರ್ನಿಯರ್ ಹಿಡಿದು ಅಳೆದ ಮೇಲೆ ಸಿಗುವ ಅಂಕಿಯೇ ಆ ಖಾನೆಗೆ ಹೋಗಬೇಕು. ಅದನ್ನು ಹೇಗೆ ಮಾಡುವುದು ಎಂದು ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ಒಂದೇ ಕೆಲಸ ಹಿಡಿಯೋಣ. 1 ಮಿ.ಮೀ. ದಪ್ಪದ ಎರಡು ಸಿಆರ್‌ಸಿ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್, ಸತುವಿನ ಲೇಪ ಇಲ್ಲದ್ದು. ಗಾಳಿ ಸಿಲಿಂಡರ್ ಇರುವ ಪೆಡೆಸ್ಟಲ್ ಮೆಷಿನ್. 50 ಹರ್ಟ್ಸ್ ಎಸಿ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್ ಕಡೆ ಶೀಟ್ ಮೆಟಲ್ ಶಾಪ್‌ಗಳಲ್ಲಿ ದಿನಾ ನಡೆಯುವ ಕೆಲಸ ಇದು. ಮುಂದೆ ಬರುವ ಟ್ರಯಲ್ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಹಿಡಿದಿದ್ದೇನೆ. ನಿಮ್ಮ ಮೆಷಿನ್‌ನಲ್ಲಿ ಬೇರೆಯೇ ಬರುತ್ತವೆ. ಅವನ್ನು ನೋಡಿ ನಿಮ್ಮ ಪರದೆಯಲ್ಲಿ ತುಂಬಬೇಡಿ.

ಶುರುಮಾಡುವ ಮೊದಲು: ಎರಡು ಬಗೆಯ ಲಿಮಿಟ್

ವೆಲ್ಡ್ ಗಟ್ಟಿಯಾಗಿದೆಯೇ ಎಂದು ಹೇಳುವ ಗೆರೆ ಒಂದು. ಮೆಷಿನ್ ನಿನ್ನೆಯಂತೆಯೇ ಇದೆಯೇ ಎಂದು ಹೇಳುವ ಗೆರೆ ಇನ್ನೊಂದು. ಮೊದಲನೆಯದು ಪೀಸು ಕಿತ್ತು ನೋಡಿದರೆ ಸಿಗುತ್ತದೆ. ಎರಡನೆಯದು ಲೈನ್ ಓಡುತ್ತಿರುವಾಗ ಬಂದ ರೀಡಿಂಗ್‌ಗಳ ಲೆಕ್ಕದಿಂದ ಸಿಗುತ್ತದೆ. ಇದೇ ಕಂಟ್ರೋಲ್ ಲಿಮಿಟ್. 1924ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಮೊದಲು ಬರೆದು ತೋರಿಸಿದ ಕಂಟ್ರೋಲ್ ಚಾರ್ಟ್‌ನಿಂದ ಬಂದದ್ದು ಇದು. ಅವರು 1947-48ರಲ್ಲಿ ಭಾರತಕ್ಕೂ ಬಂದು ಹೋಗಿದ್ದರು.

ಇವೆರಡನ್ನೂ ಒಂದೇ ಖಾನೆಯಲ್ಲಿ ಕಲಸಿದರೆ ಕೆಟ್ಟಿತು. ಮೆಷಿನ್ ದಿನವಿಡೀ ಒಂದೇ ತರಹ ಕೆಟ್ಟ ವೆಲ್ಡ್ ಹಾಕುತ್ತಿದ್ದರೂ ಕಂಟ್ರೋಲ್ ಚಾರ್ಟ್ ಚೆನ್ನಾಗಿಯೇ ಕಾಣುತ್ತದೆ. ಅದು ನೋಡುವುದು ಏರಿಳಿತವನ್ನು ಮಾತ್ರ.

ಹಂತ 1: ಒಳ್ಳೆಯ ವೆಲ್ಡ್ ಯಾವುದೆಂದು ಮಿ.ಮೀ.ನಲ್ಲಿ ಬರೆಯಿರಿ

ಎರಡು ಶೀಟ್ ನಡುವೆ ಕರಗಿ ಗಟ್ಟಿಯಾದ ಭಾಗವೇ ನಗೆಟ್. ಶೀಟ್ ಕಿತ್ತಾಗ ಒಂದು ಕಡೆ ತೂತು ಬಿದ್ದು ಇನ್ನೊಂದು ಕಡೆ ಬಟನ್ ಉಳಿದರೆ, ಆ ಬಟನ್ನಿನ ಅಗಲ ನಮ್ಮ ಅಳತೆ. ಕಾರ್ಖಾನೆಗಳಲ್ಲಿ ತುಂಬಾ ಬಳಕೆಯಲ್ಲಿರುವ ನಿಯಮ ಹೀಗಿದೆ: ತೆಳು ಶೀಟಿನ ದಪ್ಪವನ್ನು ಮಿ.ಮೀ.ನಲ್ಲಿ ತೆಗೆದುಕೊಳ್ಳಿ, ಅದರ ವರ್ಗಮೂಲ ಕಂಡುಹಿಡಿಯಿರಿ, ಅದನ್ನು 4ರಿಂದ ಗುಣಿಸಿ. ಬಟನ್ ಅದಕ್ಕಿಂತ ಚಿಕ್ಕದಿರಬಾರದು. ಸೆಟ್ ಮಾಡುವಾಗ ಗುರಿ 5ರಿಂದ ಗುಣಿಸಿದ್ದು. ನಮ್ಮ 1 ಮಿ.ಮೀ. ಶೀಟಿಗೆ ಲೆಕ್ಕ ಸಲೀಸು. ಕನಿಷ್ಠ 4 ಮಿ.ಮೀ., ಗುರಿ 5 ಮಿ.ಮೀ. ಅದೇ 0.8 ಶೀಟಾದರೆ ಸುಮಾರು 3.6 ಮತ್ತು 4.5. 1.2 ಶೀಟಾದರೆ ಸುಮಾರು 4.4 ಮತ್ತು 5.5.

ಕಸ್ಟಮರ್ ಡ್ರಾಯಿಂಗ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆ ಮಾತು. ಕಿತ್ತು ನೋಡುವ ಪೀಲ್ ಟೆಸ್ಟ್ ಮತ್ತು ಶೀಟ್ ನಡುವೆ ಉಳಿ ಬಡಿದು ನೋಡುವ ಉಳಿ ಟೆಸ್ಟ್ ಹೇಗೆ ಮಾಡಬೇಕೆಂದು ಐಎಸ್‌ಒ 10447 ಹೇಳುತ್ತದೆ. ಕಡಿಮೆ ಕಾರ್ಬನ್ ಉಕ್ಕಿನ ಸ್ಪಾಟ್ ವೆಲ್ಡಿಂಗ್‌ಗೆ ಐಎಸ್‌ಒ 14373 ಇದೆ. ಆಡಿಟ್‌ಗೆ ಬಂದವರು ಕೇಳುವುದು ಸಾಮಾನ್ಯವಾಗಿ ಇವನ್ನೇ.

ಬಟನ್ ಯಾವಾಗಲೂ ದುಂಡಗೆ ಇರುವುದಿಲ್ಲ. ಅತಿ ಅಗಲ ಇರುವ ಕಡೆ ಒಮ್ಮೆ, ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಬಟನ್ನಿಗೆ ಬಾಲದ ಹಾಗೆ ಅಂಟಿಕೊಂಡು ಬಂದ ಶೀಟಿನ ಚೂರನ್ನು ಸೇರಿಸಿ ಅಳೆಯುವವರಿದ್ದಾರೆ. ಹಾಗೆ ಮಾಡಿದರೆ 3.7 ಇದ್ದದ್ದು 4.3 ಆಗಿಬಿಡುತ್ತದೆ.

ಹಂತ 2: ಮೆಷಿನ್ ಸ್ಥಿರವಾಗಿದೆಯೇ ನೋಡಿ

ಅಲುಗಾಡುವ ಮೆಷಿನ್‌ಗೆ ಲಿಮಿಟ್ ಹಾಕಿ ಪ್ರಯೋಜನವಿಲ್ಲ. ಕರೆಂಟ್ ಕಡೆ ಹೋಗುವ ಮುಂಚೆ ಫೋರ್ಸ್ ನೋಡಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ ರಗಳೆ ಇಲ್ಲಿಯೇ ಇರುತ್ತದೆ.

1 ಮಿ.ಮೀ. ಶೀಟಿಗೆ ಎಲ್ಲರೂ ಬಳಸುವ ಟೇಬಲ್‌ನಲ್ಲಿ ಟಿಪ್ ಮುಖ 5 ಮಿ.ಮೀ., ಫೋರ್ಸ್ 2.25 ಕಿಲೋ ನ್ಯೂಟನ್, ಕರೆಂಟ್ 8.8 ಕಿಲೋ ಆಂಪಿಯರ್, ವೆಲ್ಡ್ ಟೈಮ್ 10 ಸೈಕಲ್ ಎಂದಿರುತ್ತದೆ. ಆ ಫೋರ್ಸ್ ಅಂದರೆ ಸುಮಾರು 230 ಕೆಜಿ. ನಿಮ್ಮ ಸಿಲಿಂಡರ್ 80 ಮಿ.ಮೀ. ಬೋರಿನದಾಗಿದ್ದು, ಟಿಪ್ಪನ್ನು ನೇರವಾಗಿ ಒತ್ತುವಂತಿದ್ದರೆ, 4.5 ಬಾರ್ ಗಾಳಿಗೆ ಲೆಕ್ಕದ ಪ್ರಕಾರ 2.26 ಕಿಲೋ ನ್ಯೂಟನ್ ಸಿಗುತ್ತದೆ. ಲೆಕ್ಕದಲ್ಲಿ ಮಾತ್ರ. ಸೀಲಿನ ಬಿಗಿ, ಗೈಡಿನ ಉಜ್ಜಾಟ ಕಳೆದು ಟಿಪ್ಪಿಗೆ ತಲುಪುವುದು ಅದಕ್ಕಿಂತ ಕಡಿಮೆ. ರಾಕರ್ ಆರ್ಮ್ ಮೆಷಿನ್ ಆದರೆ ತೋಳಿನ ಉದ್ದದ ಲೆಕ್ಕವೂ ಸೇರಿಕೊಳ್ಳುತ್ತದೆ. ಆದ್ದರಿಂದ ಎರಡು ಟಿಪ್ ನಡುವೆ ಫೋರ್ಸ್ ಗೇಜ್ ಇಟ್ಟು ಅಳೆಯಿರಿ. ಕಂಟ್ರೋಲರ್‌ನಲ್ಲಿ ವೆಲ್ಡ್ ಆಫ್ ಮಾಡಿದ ಮೇಲೆಯೇ ಈ ಕೆಲಸ. ಟಿಪ್ ನಡುವೆ ಬೆರಳು ಹೋಗಬಾರದು. 230 ಕೆಜಿ ಬೆರಳನ್ನು ಉಳಿಸುವುದಿಲ್ಲ.

ಆ ಟೇಬಲ್ ಬಗ್ಗೆ ಇನ್ನೊಂದು ಎಚ್ಚರಿಕೆ. ಅದರಲ್ಲಿರುವ ಸೈಕಲ್ ಅಮೆರಿಕದ 60 ಹರ್ಟ್ಸ್ ಲೆಕ್ಕದ್ದು. ಅಲ್ಲಿ 10 ಸೈಕಲ್ ಅಂದರೆ 167 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್‌ನಲ್ಲಿ ಒಂದು ಸೈಕಲ್‌ಗೆ 20 ಮಿಲಿಸೆಕೆಂಡ್ ಆಗುತ್ತದೆ. ಹಾಗಾಗಿ ಇಲ್ಲಿ 8 ಸೈಕಲ್ ಹಾಕಿದರೆ ಸರಿಹೋಗುತ್ತದೆ. 10 ಎಂದು ಹಾಗೇ ತುಂಬಿದರೆ ಐದರಲ್ಲಿ ಒಂದು ಭಾಗ ಟೈಮ್ ಜಾಸ್ತಿಯಾಗಿ ಟಿಪ್ ಬೇಗ ಸವೆಯುತ್ತದೆ.

ಸ್ಕ್ವೀಜ್ ಟೈಮ್, ಅಂದರೆ ಟಿಪ್ ಒತ್ತಲು ಶುರುವಾದಾಗಿನಿಂದ ಕರೆಂಟ್ ಬರುವ ತನಕದ ಹೊತ್ತು, ಸಾಕಷ್ಟಿದೆಯೇ ನೋಡಿ. ಫೋರ್ಸ್ ಪೂರ್ತಿ ಏರುವ ಮೊದಲೇ ಕರೆಂಟ್ ಬಂದರೆ ಕಿಡಿ ಹಾರುತ್ತದೆ. ಅದು ಕರೆಂಟ್ ಜಾಸ್ತಿಯಾದ ಕಿಡಿಯಂತೆಯೇ ಕಾಣುವುದರಿಂದ ಮುಂದಿನ ಟ್ರಯಲ್ ಎಲ್ಲ ದಾರಿ ತಪ್ಪುತ್ತದೆ. ಎರಡೂ ಟಿಪ್ಪಿಗೆ ತಣ್ಣೀರು ಹರಿಯುತ್ತಿದೆಯೇ, ಟಿಪ್ ಒಂದಕ್ಕೊಂದು ನೇರ ಕೂರುತ್ತವೆಯೇ, ಕೇಬಲ್ ಬೋಲ್ಟ್ ಬಿಗಿ ಇವೆಯೇ ಎಂದೂ ಒಮ್ಮೆ ನೋಡಿಬಿಡಿ.

ಹಂತ 3: ಮೀಟರ್ ನಂಬಲು ಯೋಗ್ಯವೇ?

ಕರೆಂಟ್ ಅಳೆಯುವುದು ಟಿಪ್ಪಿಗೆ ಕರೆಂಟ್ ಒಯ್ಯುವ ಸೆಕೆಂಡರಿ ತೋಳಿನ ಸುತ್ತ ಹಾಕುವ ರೊಗೋವ್ಸ್ಕಿ ಕಾಯಿಲ್. ಅದನ್ನು ಟ್ರಾನ್ಸ್‌ಫಾರ್ಮರ್‌ನಿಂದ ದೂರ, ತೋಳಿಗೆ ಅಡ್ಡಲಾಗಿ, ಬಾಯಿ ಪೂರ್ತಿ ಮುಚ್ಚುವಂತೆ ಹಾಕಬೇಕು. ಓರೆಯಾಗಿ ನೇತಾಡುತ್ತಿದ್ದರೆ ರೀಡಿಂಗ್ ಬದಲಾಗುತ್ತದೆ.

ಇನ್ನೊಂದು ವಿಷಯ ಮೀಟರಿನ ಲೆಕ್ಕದ ರೀತಿ. ಒಂದು ಮೀಟರ್ ಇಡೀ ವೆಲ್ಡ್‌ನ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ತೋರಿಸಿದರೆ, ಇನ್ನೊಂದು ಮೊದಲ ಸೈಕಲ್ ಬಿಟ್ಟು ಲೆಕ್ಕ ಹಾಕುತ್ತದೆ. ಒಂದೇ ಸ್ಪಾಟ್‌ಗೆ ಎರಡು ಬೇರೆ ಅಂಕಿ ಬರಬಹುದು, ಎರಡೂ ಸರಿಯೇ. ಟ್ರಯಲ್ ಮಾಡಿದ ಮೀಟರ್ ಮತ್ತು ಲೈನಿನಲ್ಲಿ ಉಳಿಯುವ ಮೀಟರ್ ಒಂದೇ ಆಗಿರಲಿ, ಅದರ ಸೆಟ್ಟಿಂಗ್ ಕೂಡ ಒಂದೇ ಇರಲಿ. ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನಲ್ಲಿ ಎಷ್ಟು ಪರ್ಸೆಂಟ್ ತಪ್ಪು ಇರಬಹುದು ಎಂದು ಬರೆದಿರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ, ಆರನೇ ಹಂತದಲ್ಲಿ ಬೇಕು. ನಾವಿಲ್ಲಿ 2 ಪರ್ಸೆಂಟ್ ಎಂದುಕೊಳ್ಳೋಣ.

ಹಂತ 4: ಕಿತ್ತು ನೋಡಿ ಬಯಲು ಗುರುತಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಅರ್ಧ ಶಿಫ್ಟ್ ಹಿಡಿಯುತ್ತದೆ. ಪ್ರೊಡಕ್ಷನ್‌ನವರು ಗೊಣಗುತ್ತಾರೆ, ಗೊಣಗಲಿ.

ಕರೆಂಟ್ ತೀರಾ ಕಡಿಮೆಯಾದರೆ ಶೀಟ್ ಬರೀ ಅಂಟಿಕೊಂಡಿರುತ್ತದೆ, ಎಳೆದರೆ ಬಟನ್ ಇಲ್ಲದೆ ಬಿಟ್ಟುಕೊಳ್ಳುತ್ತದೆ. ಜಾಸ್ತಿ ಮಾಡುತ್ತಾ ಹೋದರೆ ಬಟನ್ ಬೆಳೆಯುತ್ತದೆ. ಇನ್ನೂ ಏರಿಸಿದರೆ ಕರಗಿದ ಲೋಹ ಶೀಟ್ ನಡುವಿನಿಂದ ಕಿಡಿಯಾಗಿ ಹೊರಗೆ ಚಿಮ್ಮುತ್ತದೆ. ಬಟನ್ ಕನಿಷ್ಠ ಅಳತೆ ಮುಟ್ಟಿದ ಕರೆಂಟ್‌ನಿಂದ ಕಿಡಿ ಚಿಮ್ಮುವ ಕರೆಂಟ್ ತನಕ ಇರುವ ಜಾಗವೇ ನಮ್ಮ ಬಯಲು. ಟೈಮ್ ಬದಲಿಸಿ ಬದಲಿಸಿ ಹೀಗೇ ಮಾಡಿ ಗ್ರಾಫ್ ಹಾಕಿದರೆ ಅದಕ್ಕೆ ವೆಲ್ಡ್ ಲೋಬ್ ಎನ್ನುತ್ತಾರೆ. ಅದರ ಪೂರ್ತಿ ಕ್ರಮ ಐಎಸ್‌ಒ 14327ರಲ್ಲಿದೆ. ಒಂದೇ ವೆಲ್ಡ್ ಟೈಮ್ ಬಳಸುವ ಲೈನ್‌ಗೆ ಒಂದು ಸಾಲು ಸಾಕು.

ಮಾಡುವ ಕ್ರಮ ಹೀಗೆ. ಪ್ರೊಡಕ್ಷನ್‌ಗೆ ಬಳಸುವ ಅದೇ ಬ್ಯಾಚಿನ ಶೀಟಿನಿಂದ ಪಟ್ಟಿ ಕತ್ತರಿಸಿ. ಎಣ್ಣೆ ಒರೆಸಬೇಡಿ. ಲೈನಿನಲ್ಲಿ ಒರೆಸುವುದಿಲ್ಲ ಅಲ್ವಾ? ಪ್ರತಿ ಪಟ್ಟಿಗೆ ಎರಡು ಸ್ಪಾಟ್ ಹಾಕಿ, ನಡುವಿನ ಅಂತರ ನಿಮ್ಮ ಪೀಸಿನಲ್ಲಿ ಇರುವಷ್ಟೇ ಇರಲಿ. ಅಳೆಯಬೇಕಾದದ್ದು ಎರಡನೆಯ ಸ್ಪಾಟ್. ಎರಡನೆಯದನ್ನು ಹಾಕುವಾಗ ಸ್ವಲ್ಪ ಕರೆಂಟ್ ಮೊದಲನೆಯದರ ಮೂಲಕ ಸೋರಿಹೋಗುತ್ತದೆ, ಬಟನ್ ಚಿಕ್ಕದಾಗುತ್ತದೆ. ಪೀಸಿನ ಮೇಲೆ ಬೀಳುವ ಹೆಚ್ಚಿನ ಸ್ಪಾಟ್‌ಗಳೂ ಎರಡನೆಯವೇ, ಮೂರನೆಯವೇ. ಮೊದಲನೆಯದನ್ನು ಅಳೆದರೆ ಖುಷಿಯಾಗುವ ಅಂಕಿ ಬರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

ಫೋರ್ಸ್ ಮತ್ತು ಟೈಮ್ ಮುಟ್ಟದೆ ಕರೆಂಟ್ ಮಾತ್ರ 7 ಕಿಲೋ ಆಂಪಿಯರ್‌ನಿಂದ 0.2ರಂತೆ ಏರಿಸಿ. ಪ್ರತಿ ಮೆಟ್ಟಿಲಿಗೆ ಮೂರು ಪಟ್ಟಿ. ಕನ್ನಡಕ ಹಾಕಿಕೊಳ್ಳಿ. ಪ್ರತಿಯೊಂದನ್ನೂ ವೈಸಿಗೆ ಕಚ್ಚಿಸಿ ಸುರುಳಿ ಸುತ್ತಿ ಕೀಳಿ, ಬಟನ್ ಅಳೆದು ಬರೆಯಿರಿ. ಮೂರರಲ್ಲಿ ಒಂದು ಕಿಡಿ ಕಾರಿದರೂ ಅದೇ ಮೇಲಿನ ಗಡಿ. ಮೂರೂ ಪಟ್ಟಿಯಲ್ಲಿ ಬಟನ್ 4 ಮಿ.ಮೀ. ದಾಟಿದ ಮೊದಲ ಮೆಟ್ಟಿಲು ಕೆಳಗಿನ ಗಡಿ. ನಮ್ಮ ಉದಾಹರಣೆಯಲ್ಲಿ ಕೆಳಗೆ 7.4, ಮೇಲೆ 9.4 ಬಂತೆಂದು ಇಟ್ಟುಕೊಳ್ಳೋಣ.

ಇಲ್ಲಿಗೆ ನಿಲ್ಲಿಸಬೇಡಿ. ಇದು ಹೊಸ ಟಿಪ್ಪಿನ ಕಥೆ. ಟಿಪ್ ಬಡಿದು ಬಡಿದು ಅಣಬೆಯಂತೆ ಅಗಲವಾಗುತ್ತದೆ. 5 ಮಿ.ಮೀ. ಮುಖ 6 ಆದರೆ ವಿಸ್ತೀರ್ಣ 44 ಪರ್ಸೆಂಟ್ ಹೆಚ್ಚುತ್ತದೆ. ಅದೇ ಕರೆಂಟ್ ಆ ಅಗಲಕ್ಕೆಲ್ಲ ಹಂಚಿಹೋಗಿ, ಪ್ರತಿ ಚದರ ಮಿ.ಮೀ.ಗೆ ಸಿಗುವುದು ಮೊದಲಿನ 70 ಪರ್ಸೆಂಟ್ ಮಾತ್ರ. ಮೀಟರ್ 8.8 ಎಂದೇ ತೋರಿಸುತ್ತದೆ, ಬಟನ್ ಮಾತ್ರ ಕರಗುತ್ತಾ ಬರುತ್ತದೆ. ಅದಕ್ಕೆ ಡ್ರೆಸ್ಸಿಂಗ್‌ಗೆ (ಮುಖ ಕೆತ್ತಿ ಮೊದಲಿನ ಆಕಾರಕ್ಕೆ ತರುವುದಕ್ಕೆ) ಬಂದ ಹಳೆ ಟಿಪ್ ಹಾಕಿ ಇಡೀ ಟ್ರಯಲ್ ಮತ್ತೊಮ್ಮೆ ಮಾಡಿ. ಆಗ ಎರಡೂ ಗಡಿ ಮೇಲೆ ಜರುಗುತ್ತವೆ. ಕೆಳಗಿನದು 8.0, ಮೇಲಿನದು 9.8 ಬಂತು ಎನ್ನೋಣ.

ಎರಡು ಟಿಪ್ಪಿಗೂ ಒಪ್ಪುವ ಬಯಲು ಈಗ 8.0ರಿಂದ 9.4. ಹೊಸ ಟಿಪ್ಪಿನಲ್ಲಿ 2 ಕಿಲೋ ಆಂಪಿಯರ್ ಅಗಲವಿದ್ದದ್ದು 1.4ಕ್ಕೆ ಇಳಿಯಿತು. ನಿಜವಾಗಿ ಕೈಯಲ್ಲಿರುವುದು ಇಷ್ಟೇ.

ಈ ಅಂಕಿ ತೀರಾ ಕಿರಿದಾಗಿ ಬಂದರೆ, ಅಂದರೆ ಅರ್ಧ ಕಿಲೋ ಆಂಪಿಯರ್ ಕೂಡ ಉಳಿಯದಿದ್ದರೆ, ಲಿಮಿಟ್ ಲೆಕ್ಕಕ್ಕೆ ಹೋಗುವುದು ವ್ಯರ್ಥ. ಟಿಪ್ಪನ್ನು ಬೇಗ ಡ್ರೆಸ್ ಮಾಡಿ, ಫೋರ್ಸ್ ಸರಿಮಾಡಿ, ಶೀಟ್ ನಡುವಿನ ಸಂದಿ ಕಡಿಮೆ ಮಾಡಿ, ಆಮೇಲೆ ಮತ್ತೆ ಬನ್ನಿ. ಸತುವಿನ ಲೇಪದ ಶೀಟಿಗೆ ಈ ಕಷ್ಟ ಜಾಸ್ತಿ. ಸತುವು ಟಿಪ್ಪಿನ ತಾಮ್ರದ ಜೊತೆ ಸೇರಿ ಮುಖದ ಮೇಲೆ ಹಿತ್ತಾಳೆ ಪದರ ಕಟ್ಟುತ್ತದೆ. ಕರೆಂಟ್ ಜಾಸ್ತಿ ಬೇಕು, ಟಿಪ್ ಬೇಗ ಹೋಗುತ್ತದೆ. ಸಾದಾ ಶೀಟಿನ ಲಿಮಿಟ್ಟನ್ನು ಜಿಐ ಶೀಟಿಗೆ ಯಾವತ್ತೂ ಹಾಕಬೇಡಿ.

ಹಂತ 5: ಲೈನ್ ಓಡಿಸಿ ರೀಡಿಂಗ್ ಕೂಡಿಸಿ

ಬಯಲಿನ ಒಳಗೆ ಸೆಟ್ಟಿಂಗ್ ಆರಿಸಿ. ತೀರಾ ಮಧ್ಯಕ್ಕಿಂತ ಸ್ವಲ್ಪ ಮೇಲಿದ್ದರೆ ಒಳ್ಳೆಯದು. ಕಿಡಿ ಹಾರಿದರೆ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಅಂಟಿಕೊಂಡ ವೆಲ್ಡ್ ಹೊರಗಿನಿಂದ ಒಳ್ಳೆಯ ವೆಲ್ಡ್‌ನಂತೆಯೇ ಕಾಣುತ್ತದೆ. ನಾವು 8.8 ಆರಿಸೋಣ.

ಈಗ ಮಾಮೂಲು ಪ್ರೊಡಕ್ಷನ್ ಓಡಲಿ. ಅರ್ಧ ಗಂಟೆಗೊಮ್ಮೆ ಸಾಲಾಗಿ ಐದು ಸ್ಪಾಟ್‌ನ ಕರೆಂಟ್ ಬರೆದುಕೊಳ್ಳಿ. ಹೀಗೆ 25 ಗುಂಪು, ಒಟ್ಟು 125 ರೀಡಿಂಗ್. ಬೆಳಿಗ್ಗೆ ಮೆಷಿನ್ ತಣ್ಣಗಿರುವಾಗಿನದು, ಮಧ್ಯಾಹ್ನದ್ದು, ಟಿಪ್ ಡ್ರೆಸ್ಸಿಂಗ್‌ಗೆ ಮುಂಚಿನದು, ನಂತರದ್ದು, ಎರಡನೇ ಶಿಫ್ಟಿನದು, ಎಲ್ಲವೂ ಅದರಲ್ಲಿ ಇರಬೇಕು. ಡ್ರೆಸ್ ಮಾಡಿದ ಕೂಡಲೇ 125 ಸ್ಪಾಟ್ ಒಂದೇ ಉಸಿರಿಗೆ ಹಾಕಿ ಲೆಕ್ಕ ಮಾಡಿದರೆ ಏರಿಳಿತ ಇಲ್ಲವೇ ಇಲ್ಲ ಎನ್ನುವಂತೆ ಕಾಣುತ್ತದೆ. ಲಿಮಿಟ್ ಬಿಗಿಯಾಗಿ ಬರುತ್ತದೆ. ಮಾರನೆ ದಿನದಿಂದ ಅಲಾರಂ ಹೊಡೆದುಕೊಳ್ಳುತ್ತಲೇ ಇರುತ್ತದೆ.

ಪ್ರತಿ ಗುಂಪಿನ ದೊಡ್ಡ ರೀಡಿಂಗ್‌ನಿಂದ ಚಿಕ್ಕದನ್ನು ಕಳೆಯಿರಿ. ಇದು ರೇಂಜ್. 25 ರೇಂಜ್‌ಗಳ ಸರಾಸರಿ 0.186 ಬಂತೆನ್ನೋಣ. ಐದರ ಗುಂಪಿಗೆ ಅದನ್ನು 2.326ರಿಂದ ಭಾಗಿಸಿದರೆ ಒಂದು ಸಿಗ್ಮಾ, ಅಂದರೆ ಏರಿಳಿತದ ಅಳತೆ: 0.08 ಕಿಲೋ ಆಂಪಿಯರ್. ಆಮೇಲೆ 125 ರೀಡಿಂಗ್‌ಗಳನ್ನೂ ಒಟ್ಟಿಗೆ ಎಕ್ಸೆಲ್‌ಗೆ ಹಾಕಿ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ. ಅದೂ 0.08ರ ಸುತ್ತಮುತ್ತ ಬಂದರೆ ಮೆಷಿನ್ ಸ್ಥಿರವಾಗಿದೆ. 0.15, 0.2 ಎಂದು ಬಂದರೆ ದಿನದಲ್ಲಿ ಏನೋ ನಿಧಾನವಾಗಿ ಜರುಗುತ್ತಿದೆ ಎಂದರ್ಥ. ಅದನ್ನು ಹುಡುಕಬೇಕು, ಲಿಮಿಟ್ ಅಗಲ ಮಾಡಿ ಮುಚ್ಚಬಾರದು.

ನಮ್ಮ ಕಡೆ ಹುಡುಕಬೇಕಾದ ಮೊದಲ ಜಾಗ ಮೇನ್ ಲೈನ್ ವೋಲ್ಟೇಜ್. ಪಕ್ಕದ ಶೆಡ್ಡಿನಲ್ಲಿ ದೊಡ್ಡ ಪ್ರೆಸ್ ಸ್ಟಾರ್ಟ್ ಆದರೆ ವೋಲ್ಟೇಜ್ ಕುಸಿಯುತ್ತದೆ. ಕಂಟ್ರೋಲರ್‌ನಲ್ಲಿ ಕಾನ್‌ಸ್ಟಂಟ್ ಕರೆಂಟ್ (ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸೌಲಭ್ಯ) ಇಲ್ಲದಿದ್ದರೆ ಕರೆಂಟೂ ಅಷ್ಟೇ ಇಳಿಯುತ್ತದೆ. ಬಿಸಿ ಹುಟ್ಟುವುದು ಕರೆಂಟ್‌ನ ವರ್ಗದ ಲೆಕ್ಕದಲ್ಲಿ. 5 ಪರ್ಸೆಂಟ್ ಕರೆಂಟ್ ಇಳಿದರೆ ಸುಮಾರು 10 ಪರ್ಸೆಂಟ್ ಬಿಸಿ ಹೋಯಿತು. ಕಾನ್‌ಸ್ಟಂಟ್ ಕರೆಂಟ್ ಸೌಲಭ್ಯ ಇದ್ದೂ ಆನ್ ಮಾಡದ ಮೆಷಿನ್‌ಗಳು ಎಷ್ಟೋ ಇವೆ. ಒಮ್ಮೆ ಮೆನು ತೆಗೆದು ನೋಡಿ.

ಹಂತ 6: ಅಂಕಿ ತುಂಬುವ ಹೊತ್ತು

ಹೊರಗಿನ ಗೆರೆ, ಅಂದರೆ ರಿಜೆಕ್ಟ್ ಲಿಮಿಟ್, ಬಯಲಿನಿಂದ ಬರಬೇಕು. ಬಯಲು 8.0ರಿಂದ 9.4. ಮೀಟರ್ 2 ಪರ್ಸೆಂಟ್ ತಪ್ಪು ಹೇಳಬಹುದಾದ್ದರಿಂದ ಎರಡೂ ಕಡೆ ಸುಮಾರು 0.2 ಒಳಗೆ ಬನ್ನಿ. ರಿಜೆಕ್ಟ್ ಲಿಮಿಟ್: 8.2 ಮತ್ತು 9.2.

ಒಳಗಿನ ಗೆರೆ, ಅಂದರೆ ಎಚ್ಚರಿಕೆ ಲಿಮಿಟ್, ಸಿಗ್ಮಾದಿಂದ ಬರಬೇಕು. ಪುಸ್ತಕ ಓದಿದವರು ತಕ್ಷಣ ಮೂರು ಸಿಗ್ಮಾ ಹಾಕುತ್ತಾರೆ. ಒಂದೊಂದು ಸ್ಪಾಟ್‌ಗೂ ಅಲಾರಂ ಇರುವ ಕಡೆ ಅದು ಬೇಡ. ಎಲ್ಲವೂ ಸರಿ ಇದ್ದಾಗಲೂ ಮೂರು ಸಿಗ್ಮಾ ಆಚೆ ಬೀಳುವ ರೀಡಿಂಗ್ ಸುಮಾರು 370ಕ್ಕೆ ಒಂದು. ದಿನಕ್ಕೆ 6,000 ಸ್ಪಾಟ್ ಹಾಕುವ ಮೆಷಿನ್‌ನಲ್ಲಿ ಅದು 16 ಸುಳ್ಳು ಅಲಾರಂ. ಮೂರನೆಯ ದಿನಕ್ಕೆ ಆಪರೇಟರ್ ಕೈ ತಾನಾಗಿಯೇ ರಿಸೆಟ್ ಬಟನ್ ಮೇಲೆ ಕೂತಿರುತ್ತದೆ. ನಾಲ್ಕು ಸಿಗ್ಮಾ ಆದರೆ ಸುಮಾರು 16,000ಕ್ಕೆ ಒಂದು, ಎರಡೂವರೆ ದಿನಕ್ಕೊಂದು ಸುಳ್ಳು ಅಲಾರಂ. ಅಷ್ಟನ್ನು ಯಾರಾದರೂ ತಡೆದುಕೊಳ್ಳುತ್ತಾರೆ. 8.8ರ ಆಚೀಚೆ 0.32 ತೆಗೆದುಕೊಂಡರೆ ಎಚ್ಚರಿಕೆ ಲಿಮಿಟ್ 8.48 ಮತ್ತು 9.12.

ಮೂರು ಸಿಗ್ಮಾ ಬೇಡವೇ ಬೇಡ ಎಂದಲ್ಲ. ಅದರ ಜಾಗ ಸರಾಸರಿಯ ಚಾರ್ಟ್. ಅರ್ಧ ಗಂಟೆಗೊಮ್ಮೆ ಐದರ ಸರಾಸರಿ ಹಾಕುತ್ತೀರಲ್ಲ, ಅದಕ್ಕೆ ರೇಂಜ್ ಸರಾಸರಿಯನ್ನು 0.577ರಿಂದ ಗುಣಿಸಿ: 0.107. ಹಾಗಾಗಿ ಚಾರ್ಟಿನ ಗೆರೆಗಳು 8.69 ಮತ್ತು 8.91. ಒಂದು ಸ್ಪಾಟ್ 8.6 ಬಂದರೆ ಏನೂ ಆಗಿಲ್ಲ. ಐದರ ಸರಾಸರಿಯೇ 8.6 ಬಂದರೆ ಮೆಷಿನ್‌ಗೆ ಏನೋ ಆಗಿದೆ.

ಈಗ ಒಳಗಿನ ಗೆರೆ ಹೊರಗಿನ ಗೆರೆಯ ಒಳಗೇ ಇದೆಯೇ ನೋಡಿ. ನಮ್ಮಲ್ಲಿ ಕೆಳಗೆ 8.48, ಅದರ ಆಚೆ 8.2. ಮೇಲೆ 9.12, ಅದರ ಆಚೆ 9.2. ಮೇಲಿನ ಕಡೆ ಸ್ವಲ್ಪ ಬಿಗಿ, ಆದರೂ ನಡೆಯುತ್ತದೆ. ಸಿಪಿಕೆ, ಅಂದರೆ ಏರಿಳಿತಕ್ಕೆ ಹೋಲಿಸಿದರೆ ಗಡಿ ಎಷ್ಟು ದೂರ ಇದೆ ಎಂಬ ಅಂಕಿ, ಕೇಳುವ ಕಸ್ಟಮರ್‌ಗೆ: ಹತ್ತಿರದ ಗಡಿಗೆ ಇರುವ ಅಂತರ 0.4, ಅದನ್ನು ಮೂರು ಸಿಗ್ಮಾ ಅಂದರೆ 0.24ರಿಂದ ಭಾಗಿಸಿದರೆ 1.67. ಸಾಮಾನ್ಯವಾಗಿ ಕೇಳುವ 1.33 ದಾಟಿದೆ.

ಎಚ್ಚರಿಕೆ ಗೆರೆ ರಿಜೆಕ್ಟ್ ಗೆರೆಯ ಆಚೆ ಹೋದರೆ? ಆ ಮೆಷಿನ್ ಆ ಕೆಲಸಕ್ಕೆ ಇನ್ನೂ ತಯಾರಿಲ್ಲ. ಈ ಜಾಗದಲ್ಲಿ ರಿಜೆಕ್ಟ್ ಲಿಮಿಟ್ಟನ್ನು ಸ್ವಲ್ಪ ಸಡಿಲ ಮಾಡೋಣ ಎಂಬ ಮಾತು ಮೀಟಿಂಗ್‌ನಲ್ಲಿ ಖಂಡಿತ ಬರುತ್ತದೆ. ಕಿತ್ತ ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿರಿ. ಮೇಜಿನ ಮೇಲೆ 7.2 ಕಿಲೋ ಆಂಪಿಯರ್‌ನ ಪಟ್ಟಿ ಇಟ್ಟು, ಬಟನ್ ಅಳೆದು ನೋಡಿ ಎಂದರೆ ವಾದ ಅಲ್ಲಿಗೆ ಮುಗಿಯುತ್ತದೆ.

ವೆಲ್ಡ್ ಟೈಮ್‌ಗೂ ಲಿಮಿಟ್ ಖಾನೆ ಇರುತ್ತದೆ. ಡಿಜಿಟಲ್ ಕಂಟ್ರೋಲರ್‌ನಲ್ಲಿ ಅದು ಅಲುಗಾಡುವುದು ಅಪರೂಪ. ಆಚೀಚೆ ಅರ್ಧ ಸೈಕಲ್ ಹಾಕಿ ಮುಂದೆ ಹೋಗಿ.

ಹಂತ 7: ಕರೆಂಟ್‌ಗೆ ಕಾಣದ್ದಕ್ಕೆ ಬೇರೆ ಕಾವಲು

ಕರೆಂಟ್ ಒಂದನ್ನೇ ಕಾಯುವ ಮಾನಿಟರ್‌ಗೆ ದೊಡ್ಡ ಕುರುಡು ಇದೆ. ಕಾನ್‌ಸ್ಟಂಟ್ ಕರೆಂಟ್ ಇರುವ ಮೆಷಿನ್‌ನಲ್ಲಂತೂ ಒಂದು ಶೀಟ್ ಮರೆತರೂ, ಮೂರು ಶೀಟ್ ಇಟ್ಟರೂ, ಟಿಪ್ ಅಣಬೆಯಾದರೂ, ಸ್ಪಾಟ್ ಅಂಚಿಗೆ ಬಿದ್ದರೂ ಕರೆಂಟ್ 8.8 ಎಂದೇ ಬರುತ್ತದೆ. ಕಂಟ್ರೋಲರ್‌ನ ಕೆಲಸವೇ ಅದು, ಹಟ ಹಿಡಿದು ಅಷ್ಟೇ ಕರೆಂಟ್ ಹರಿಸುವುದು.

ಅದಕ್ಕೆ ಎರಡು ಟಿಪ್ ನಡುವಿನ ವೋಲ್ಟೇಜ್ ಕೂಡ ನೋಡಬೇಕು. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಸಾದಾ ಉಕ್ಕಿನ ಒಳ್ಳೆಯ ವೆಲ್ಡ್‌ನಲ್ಲಿ ಅದು ಶುರುವಿನಲ್ಲಿ ಇಳಿದು, ಶೀಟ್ ಬಿಸಿಯಾದಂತೆ ಏರಿ, ಒಂದು ತುದಿ ಮುಟ್ಟಿ, ನಗೆಟ್ ಬೆಳೆದಂತೆ ನಿಧಾನ ಇಳಿಯುತ್ತದೆ. ಒಂದು ಶೀಟ್ ಇಲ್ಲದಿದ್ದರೆ ಇಡೀ ಗೆರೆ ಕೆಳಗಿರುತ್ತದೆ. ಟಿಪ್ ಅಗಲವಾದರೂ ಕೆಳಗೆ ಇಳಿಯುತ್ತದೆ. ಕಿಡಿ ಚಿಮ್ಮಿದರೆ ಗೆರೆ ಒಮ್ಮೆಲೇ ಕುಸಿಯುತ್ತದೆ. ನಿಮ್ಮ ಮಾನಿಟರ್‌ನಲ್ಲಿ ಈ ಸೌಲಭ್ಯ ಇದ್ದರೆ ಕರೆಂಟ್‌ಗೆ ಮಾಡಿದ ಹಾಗೆಯೇ 125 ರೀಡಿಂಗ್ ತೆಗೆದು ನಾಲ್ಕು ಸಿಗ್ಮಾ ಹಾಕಿ.

ಇಲ್ಲದಿದ್ದರೆ ಬಡವರ ದಾರಿಯೂ ಇದೆ. ಗಾಳಿಗೆ ಒಂದು ಪ್ರೆಶರ್ ಸ್ವಿಚ್, ನೀರಿಗೆ ಒಂದು ಫ್ಲೋ ಸ್ವಿಚ್, ಶೀಟ್ ಇದೆಯೇ ಎಂದು ನೋಡಲು ಫಿಕ್ಸ್‌ಚರ್‌ನಲ್ಲಿ ಒಂದು ಪ್ರಾಕ್ಸಿಮಿಟಿ ಸೆನ್ಸರ್. ಒಂದು ವಿಷಯ ನೆನಪಿರಲಿ: ಪ್ರೆಶರ್ ಸ್ವಿಚ್ ಗಾಳಿಯನ್ನು ನೋಡುತ್ತದೆ, ಟಿಪ್ಪಿನ ಫೋರ್ಸ್ ಅದಕ್ಕೆ ಕಾಣುವುದಿಲ್ಲ. ಸಿಲಿಂಡರ್ ಸೀಲ್ ಹಿಡಿದುಕೊಂಡರೆ ಗೇಜಿನಲ್ಲಿ 4.5 ಬಾರ್ ಇದ್ದರೂ ಟಿಪ್ಪಿಗೆ ಬಲ ತಲುಪುವುದಿಲ್ಲ. ವಾರಕ್ಕೊಮ್ಮೆ ಫೋರ್ಸ್ ಗೇಜ್ ಇಟ್ಟು ನೋಡುವುದು ತಪ್ಪುವುದಿಲ್ಲ.

ಟಿಪ್ಪಿಗೆ ಬೇಕಾದದ್ದು ಎಣಿಕೆಯ ಲಿಮಿಟ್. ಡ್ರೆಸ್ ಮಾಡಿದ ಟಿಪ್ಪಿನಿಂದ ಶುರುಮಾಡಿ, ನೂರು ಸ್ಪಾಟ್‌ಗೊಮ್ಮೆ ಒಂದು ಪಟ್ಟಿ ಕೀಳುತ್ತಾ ಹೋಗಿ. ಬಟನ್ 4 ಮಿ.ಮೀ.ಗಿಂತ ಕೆಳಗೆ ಇಳಿದ ಎಣಿಕೆ ಗುರುತು ಹಾಕಿ. ಅದರ ಮೂರರಲ್ಲಿ ಎರಡು ಭಾಗಕ್ಕೆ ಕೌಂಟರ್ ಸೆಟ್ ಮಾಡಿ, ಅಲ್ಲಿಗೆ ಬಂದಾಗ ಮೆಷಿನ್ ನಿಲ್ಲಲಿ. ಹಳೆ ಟಿಪ್ಪಿನ ಟ್ರಯಲ್ ಎಂದು ಹಂತ 4ರಲ್ಲಿ ಮಾಡಿದ್ದು ಈ ಎಣಿಕೆಯ ಟಿಪ್ಪಿಗೆ ಹೊಂದುತ್ತಿರಬೇಕು.

ಕೆಲವರು ಟಿಪ್ ಸವೆದಂತೆ ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಸ್ಟೆಪ್ಪರ್ ಬಳಸುತ್ತಾರೆ. ಒಳ್ಳೆಯದೇ. ಆದರೆ ಆಗ ಲಿಮಿಟ್ಟೂ ಮೆಟ್ಟಿಲಿನ ಜೊತೆ ಏರಬೇಕು. ಸೆಟ್ಟಿಂಗ್ ಏರಿ ಲಿಮಿಟ್ ಅಲ್ಲೇ ಉಳಿದರೆ, ಕೊನೆಯ ಮೆಟ್ಟಿಲಿನಲ್ಲಿ ಒಳ್ಳೆಯ ವೆಲ್ಡ್‌ಗೂ ಹೈ ಅಲಾರಂ ಬರುತ್ತದೆ. ಪ್ರತಿ ಮೆಟ್ಟಿಲಿಗೆ ಬೇರೆ ಲಿಮಿಟ್ ಕೊಡಲು ಬರದ ಕಂಟ್ರೋಲರ್ ಆದರೆ ಸ್ಟೆಪ್ಪರ್ ಬಿಟ್ಟು ಬೇಗ ಬೇಗ ಡ್ರೆಸ್ ಮಾಡುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಹಂತ 8: ಬೇಕೆಂದೇ ಕೆಡಿಸಿ ನೋಡಿ

ಲಿಮಿಟ್ ಹಾಕಿದ್ದಾಯಿತು. ಅದು ಹಿಡಿಯುತ್ತದೆಯೇ? ಕರೆಂಟನ್ನು 8.0ಕ್ಕೆ ಇಳಿಸಿ ಒಂದು ಸ್ಪಾಟ್ ಹಾಕಿ. ಶೀಟ್ ನಡುವೆ ಕಾಗದದ ತುಂಡು ಇಟ್ಟು ಒಂದು. ಒಂದೇ ಶೀಟ್ ಇಟ್ಟು ಒಂದು. ಮೂರು ಶೀಟ್ ಇಟ್ಟು ಒಂದು. ಗಾಳಿಯನ್ನು 3 ಬಾರ್‌ಗೆ ಇಳಿಸಿ ಒಂದು, ಕಿಡಿಯಿಂದ ಸ್ವಲ್ಪ ದೂರ ನಿಂತು. ಅಂಚಿನ ಮೇಲೆ ಒಂದು. ಪ್ರತಿಯೊಂದಕ್ಕೂ ಮೆಷಿನ್ ನಿಂತಿತೇ, ಯಾವ ಲಿಮಿಟ್ ಹಿಡಿಯಿತು ಎಂದು ಬರೆಯಿರಿ.

ಎಲ್ಲವನ್ನೂ ಹಿಡಿಯುವುದಿಲ್ಲ. ಅಂಚಿನ ಸ್ಪಾಟನ್ನು ಬಹುತೇಕ ಮಾನಿಟರ್‌ಗಳು ಬಿಟ್ಟುಬಿಡುತ್ತವೆ. ಬಿಟ್ಟದ್ದಕ್ಕೆ ಫಿಕ್ಸ್‌ಚರ್‌ನಲ್ಲಿ ಸ್ಟಾಪರ್ ಬೇಕು, ಅಥವಾ ಗಂಟೆಗೊಮ್ಮೆ ಉಳಿ ಟೆಸ್ಟ್ ಬೇಕು. ಈ ಪಟ್ಟಿ ಕಂಟ್ರೋಲ್ ಪ್ಲಾನಿಗೆ ಸೇರಲಿ. ಬೇಕೆಂದೇ ಕೆಡಿಸಿದ ಪೀಸುಗಳಿಗೆ ಕೆಂಪು ಬಣ್ಣ ಬಳಿದು ಕೆಂಪು ಡಬ್ಬಿಗೆ ಹಾಕಿ, ಎಣಿಸಿ, ಕತ್ತರಿಸಿ. ಟೆಸ್ಟ್ ಪೀಸೇ ಕಸ್ಟಮರ್ ಲಾರಿ ಹತ್ತಿದರೆ ಆಮೇಲೆ ಏನು ಹೇಳಿದರೂ ಯಾರೂ ನಂಬುವುದಿಲ್ಲ.

ಹಂತ 9: ಅಲಾರಂ ಬಂದಾಗ ಯಾರು ಏನು ಮಾಡಬೇಕು

ಮೆಷಿನ್ ಪಕ್ಕದಲ್ಲಿ ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಲೈನಿನಲ್ಲಿ ಹಿಂದಿ, ಒಡಿಯಾ ಮಾತಾಡುವ ಹುಡುಗರಿದ್ದರೆ ಅವರ ಭಾಷೆಯಲ್ಲೂ ಇರಲಿ.

ಎಚ್ಚರಿಕೆ ಗೆರೆ ದಾಟಿದರೆ ಆ ಪೀಸಿಗೆ ಗುರುತು ಹಾಕಿ, ಟಿಪ್ ಮತ್ತು ಗಾಳಿ ನೋಡಿ, ಮುಂದುವರಿಸಿ. ಸಾಲಾಗಿ ಮೂರು ಬಂದರೆ ನಿಲ್ಲಿಸಿ, ಸೂಪರ್‌ವೈಸರ್‌ನ ಕರೆಯಿರಿ. ರಿಜೆಕ್ಟ್ ಗೆರೆ ದಾಟಿದರೆ ಮೆಷಿನ್ ತಾನಾಗಿ ನಿಲ್ಲಬೇಕು, ರಿಸೆಟ್ ಕೀ ಸೂಪರ್‌ವೈಸರ್ ಹತ್ತಿರ ಇರಬೇಕು. ಆ ಪೀಸು ಕೆಂಪು ಡಬ್ಬಿಗೆ. ಅದಕ್ಕೂ ಹಿಂದಿನ, ಕೊನೆಯ ಸರಿಯಾದ ಪೀಲ್ ಟೆಸ್ಟ್ ತನಕದ ಪೀಸುಗಳನ್ನು ಬೇರೆ ಇಟ್ಟು ಉಳಿ ಹಾಕಿ ನೋಡಬೇಕು.

ಲಿಮಿಟ್ ಬದಲಿಸುವ ಪಾಸ್‌ವರ್ಡ್ ಕ್ವಾಲಿಟಿಯವರ ಹತ್ತಿರ ಮಾತ್ರ ಇರಲಿ. ಮೆಷಿನ್ ಜೊತೆ ಬಂದ ಪಾಸ್‌ವರ್ಡ್ 0000 ಅಥವಾ 1234 ಆಗಿದ್ದರೆ ಇವತ್ತೇ ಬದಲಿಸಿ.

ಹಂತ 10: ಮತ್ತೆ ಯಾವಾಗ ಮಾಡಬೇಕು

ಶೀಟಿನ ಸಪ್ಲೈಯರ್, ದಪ್ಪ ಅಥವಾ ಲೇಪ ಬದಲಾದರೆ ಹಂತ 4ರಿಂದ ಪೂರ್ತಿ ಮಾಡಿ. ಟಿಪ್ಪಿನ ಆಕಾರ ಅಥವಾ ಮೇಕ್ ಬದಲಾದರೂ ಅಷ್ಟೇ. ಟ್ರಾನ್ಸ್‌ಫಾರ್ಮರ್, ಕೇಬಲ್, ಸಿಲಿಂಡರ್ ರಿಪೇರಿಯಾದರೆ ಹಂತ 2 ಮತ್ತು 5 ಸಾಕು, ಜೊತೆಗೆ ಮೂರು ಪಟ್ಟಿ ಕಿತ್ತು ನೋಡಿ. ಕಾಯಿಲ್ ಅಥವಾ ಮೀಟರ್ ಬದಲಿಸಿದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಿ ಹತ್ತು ಸ್ಪಾಟ್ ಅಳೆದು ವ್ಯತ್ಯಾಸ ಬರೆದಿಡಿ. ಹಳೆಯದು ಕೆಟ್ಟೇ ಹೋಗಿದ್ದರೆ ಹಂತ 4 ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದೇ ಮೆಷಿನ್‌ನಲ್ಲಿ 1+1 ಮಿ.ಮೀ. ಶೀಟೂ 1+2 ಮಿ.ಮೀ. ಶೀಟೂ ಹಾಕುತ್ತಿದ್ದರೆ ಎರಡಕ್ಕೂ ಬೇರೆ ಪ್ರೋಗ್ರಾಂ, ಬೇರೆ ಲಿಮಿಟ್. ಪ್ರೋಗ್ರಾಂ ನಂಬರನ್ನು ಫಿಕ್ಸ್‌ಚರ್ ಮೇಲೆಯೇ ಪಂಚ್ ಮಾಡಿ. ಲಿಮಿಟ್ ಹಾಕಿದ ತಾರೀಖು, ಟ್ರಯಲ್ ಶೀಟಿನ ನಂಬರ್, ಕಿತ್ತ ಪಟ್ಟಿಗಳ ಡಬ್ಬಿ ಯಾವ ಕಪಾಟಿನಲ್ಲಿದೆ ಎನ್ನುವುದನ್ನು ಅದೇ ಸೆಟ್ಟಿಂಗ್ ಶೀಟಿನ ಕೆಳಗೆ ಬರೆದಿಡಿ.